ಕಾಡಿನ ಕತೆ ಗೊತ್ತು, ಮೈಯೊಳಗಿನದು ಗೊತ್ತಿಲ್ಲ: ಮಂಗನ ಕಾಯಿಲೆಯ ಲಸಿಕೆ ಸೋತದ್ದೆಲ್ಲಿ?

ಮಲೆನಾಡಿನಲ್ಲಿ ಸಂಕ್ರಾಂತಿಯ ಆಚೀಚೆ ದರಗು ತರುವ ಕಾಲ. ಸೊಪ್ಪಿನ ಬೆಟ್ಟದಲ್ಲಿ ಎಲೆ ಉದುರಿ, ಒಣಗಿ, ಕಾಲಿಟ್ಟರೆ ಚರಚರ ಅನ್ನುತ್ತಿರುತ್ತದೆ. ಅದನ್ನು ಗುಡಿಸಿ ರಾಶಿ ಹಾಕಿ, ಕಲ್ಲಿಯಲ್ಲಿ ತುಂಬಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಬೇಕು. ಮಳೆ ಹಿಡಿಯುವುದರೊಳಗೆ ಸಾಕಷ್ಟು ಕೂಡಿಡಬೇಕು. ಸಂಜೆ ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಳ್ಳುವಾಗ ಕೈಗೆ ಏನೋ ತಾಗುತ್ತದೆ. ಸೊಂಟದ ಹತ್ತಿರ, ತೊಡೆಸಂದಿಯಲ್ಲಿ, ಇಲ್ಲವೇ ಕಿವಿಯ ಹಿಂದೆ. ಕಿತ್ತು ಬೆಳಕಿಗೆ ಹಿಡಿದರೆ ಎಳ್ಳಿಗಿಂತ ಸಣ್ಣದೊಂದು ಚುಕ್ಕೆ, ಅದಕ್ಕೆ ಎಂಟು ಕಾಲು. ಉಣುಗಿನ ಮರಿ. ಬೆಳಿಗ್ಗೆಯಿಂದ ಅಲ್ಲೇ ಕಚ್ಚಿಕೊಂಡಿತ್ತು. ನೋವೂ ಇಲ್ಲ, ತುರಿಕೆಯೂ ಇಲ್ಲ.

ಆ ಮರಿಯ ಮೈಯಲ್ಲಿ ವೈರಸ್ ಇದ್ದರೆ ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತದೆ. ಹಣೆ ಸಿಡಿಯುವಂಥ ತಲೆನೋವು, ಸೊಂಟ ಮುರಿದುಹೋದಂಥ ಮೈಕೈ ನೋವು, ಕೆಂಪೇರಿದ ಕಣ್ಣು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಇದೇ ಮಂಗನ ಕಾಯಿಲೆ, ಪುಸ್ತಕದ ಹೆಸರಿನಲ್ಲಿ ಕ್ಯಾಸನೂರು ಅರಣ್ಯ ಕಾಯಿಲೆ, ಅಂದರೆ ಕೆಎಫ್‌ಡಿ. ಸಾಮಾನ್ಯವಾಗಿ ವರ್ಷಕ್ಕೆ 400ರಿಂದ 500 ಜನಕ್ಕೆ ಬರುತ್ತದೆ ಎಂಬ ಲೆಕ್ಕವಿದೆ. ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಇದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಅದು ಸರಿಯಾಗಿ ಕಾಯುತ್ತಿರಲಿಲ್ಲ ಅನ್ನುವುದೇ ಕಾರಣ.

ಈಗ ಹೊಸ ಲಸಿಕೆಯ ತಯಾರಿ ನಡೆದಿದೆ. ಬರಲಿ, ಬೇಗ ಬರಲಿ ಎಂದು ನನಗೂ ಆಸೆ. ಆದರೆ ಹಳೆಯದು ಯಾಕೆ ಸೋತಿತು ಅನ್ನುವ ಪ್ರಶ್ನೆಯನ್ನು ಹಾಗೇ ಬಿಟ್ಟು ಮುಂದೆ ಹೋಗಬಾರದು. ಈ ಕಾಯಿಲೆಯ ಬಗ್ಗೆ ಓದಿದಷ್ಟೂ ನನಗೆ ಒಂದು ಸಂಗತಿ ಜಾಸ್ತಿ ಕಾಣುತ್ತಿದೆ. ವೈರಸ್ ಕಾಡಿನಲ್ಲಿ ಹೇಗೆ ಓಡಾಡುತ್ತದೆ ಎಂದು ನಮ್ಮವರು ಬಹಳ ಚೆನ್ನಾಗಿ ಕಂಡುಹಿಡಿದರು. ಅದು ಮನುಷ್ಯನ ಮೈಯೊಳಗೆ ಹೊಕ್ಕ ಮೇಲೆ ಏನು ಮಾಡುತ್ತದೆ, ಮೈ ಅದನ್ನು ಹೇಗೆ ಗೆಲ್ಲುತ್ತದೆ ಅನ್ನುವ ಮೂಲ ಸಂಶೋಧನೆಗೆ ಮಾತ್ರ ಅದೇ ಶ್ರದ್ಧೆ ಸಿಗಲಿಲ್ಲ.

ಮೊದಲು ಆ ಚೆನ್ನಾಗಿ ಮಾಡಿದ ಕೆಲಸದ ಬಗ್ಗೆ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೂ ಜ್ವರ. ಟೈಫಾಯ್ಡ್ ಇರಬಹುದು ಅಂದುಕೊಂಡರು. ಆದರೆ ಮಂಗ ಸಾಯುತ್ತದೆ, ಜೊತೆಗೆ ಮನುಷ್ಯನೂ ಸಾಯುತ್ತಾನೆ ಅಂದಾಗ ತಜ್ಞರಿಗೆ ಬೇರೆಯೇ ಭಯ ಹುಟ್ಟಿತು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ? ಪುಣೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರುಮಾಡಿದ್ದ ವೈರಸ್ ಸಂಶೋಧನಾ ಕೇಂದ್ರವಿತ್ತು. ಅಲ್ಲಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರ ರಾವ್, ಪಿ.ಕೆ. ರಾಜಗೋಪಾಲನ್ ಮೊದಲಾದವರು ಕೆಲಸಕ್ಕೆ ಇಳಿದರು. ಸತ್ತ ಮಂಗದಿಂದ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿನ ದಾಯಾದಿ! ಸೊರಬಕ್ಕೂ ಸೈಬೀರಿಯಾಕ್ಕೂ ಎಲ್ಲಿಯ ನಂಟು ಅನ್ನಿಸುತ್ತದೆ ಅಲ್ವಾ? ಅವರಿಗೂ ಹಾಗೇ ಅನ್ನಿಸಿತು. ವಲಸೆ ಹಕ್ಕಿಗಳ ಮೈಗೆ ಅಂಟಿಕೊಂಡು ಉಣುಗು ಬಂದಿರಬಹುದೇ ಎಂದು ನೋಡಲು ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವೇ ನಡೆಯಿತು. ಹಕ್ಕಿಗಳು ತಂದವು ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ನಮ್ಮ ದೇಶದ ಹಕ್ಕಿಗಳ ವಲಸೆಯ ಬಗ್ಗೆ ಮಾತ್ರ ಅಪಾರ ಮಾಹಿತಿ ಸಿಕ್ಕಿತು.

ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದರು. ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋಗಿ, ಅದಕ್ಕೆ ಹತ್ತಿದ ಉಣುಗನ್ನು ಒಂದೊಂದಾಗಿ ಹೆಕ್ಕಿ ಎಣಿಸಿದರು. ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಜಾತಿಯ ಉಣುಗೇ ಮುಖ್ಯ ಆರೋಪಿ ಎಂದು ಗೊತ್ತಾಯಿತು. ಮಂಗ ನೇರವಾಗಿ ನಮಗೆ ಕಾಯಿಲೆ ಕೊಡುವುದಿಲ್ಲ. ಮಂಗದ ರಕ್ತದಲ್ಲಿ ವೈರಸ್ ಲೆಕ್ಕವಿಲ್ಲದಷ್ಟು ಬೆಳೆಯುತ್ತದೆ. ಮಂಗ ಸತ್ತಾಗ ಮೈ ತಣ್ಣಗಾಗಿ, ಅದರ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಸುತ್ತ ಉದುರುತ್ತದೆ. ಆ ಜಾಗವೇ ಅಪಾಯದ ತಾಣ. ದನಗಳು ಉಣುಗಿಗೆ ಊಟ ಹಾಕುತ್ತವೆ, ಆದರೆ ವೈರಸ್ಸನ್ನು ಅಷ್ಟು ಬೆಳೆಸುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಉಣುಗಿನ ಮರಿಗಳು ಜಾಸ್ತಿ ಓಡಾಡುವ ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆ. ಅದು ದರಗು, ಸೌದೆ, ಸೊಪ್ಪು ತರುವ ಕಾಲವೂ ಹೌದು.

ಮುಂದೆ ಬಂದವರೂ ಈ ದಾರಿಯಲ್ಲಿ ಒಳ್ಳೆಯ ಕೆಲಸ ಮಾಡಿದರು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ ಗೇರು ತೋಟಕ್ಕೆಂದು ಕಾಡು ಕಡಿದಾಗ ಕಾಯಿಲೆ ಎದ್ದು ತುಂಬಾ ಜನ ಸತ್ತರು. ಇತ್ತೀಚಿನ ಅಧ್ಯಯನಗಳು ಅದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತವೆ. ಕಾಡು, ತೋಟ, ಗದ್ದೆ ಎಲ್ಲ ತುಂಡುತುಂಡಾಗಿ ಒಂದರ ಪಕ್ಕ ಒಂದಿರುವ, ಊರ ದನ ಎಮ್ಮೆಗಳು ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು. ನಮ್ಮ ಹೆಚ್ಚಿನ ಊರುಗಳು ಹಾಗೇ ಇವೆಯಲ್ಲ. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಘಟ್ಟದುದ್ದಕ್ಕೂ ವೈರಸ್ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ಆ ಭಾಗದವರು ಇವತ್ತಿಗೂ ಮರೆತಿಲ್ಲ.

ಇನ್ನು ಮೈಯೊಳಗಿನ ಕತೆಗೆ ಬರೋಣ.

ನೋವೂ ಇಲ್ಲ, ತುರಿಕೆಯೂ ಇಲ್ಲ ಅಂದೆನಲ್ಲ, ಅಲ್ಲಿಂದಲೇ ಶುರು. ಉಣುಗು ದಿನಗಟ್ಟಲೆ ಒಂದೇ ಕಡೆ ಕಚ್ಚಿಕೊಂಡು ರಕ್ತ ಕುಡಿಯುವ ಪ್ರಾಣಿ. ಸೊಳ್ಳೆಯ ಹಾಗೆ ಕಚ್ಚಿ ಹಾರಿಹೋಗುವುದಿಲ್ಲ. ಹಾಗಾಗಿ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ತುರಿಕೆ ಏಳದಂತೆ ಮಾಡುವ, ಚರ್ಮದ ಕೆಳಗಿನ ಕಾವಲುಗಾರ ಕಣಗಳನ್ನು (ಅಂದರೆ ಜೀವಕೋಶಗಳನ್ನು) ಮಂಕಾಗಿಸುವ ಹತ್ತಾರು ಪ್ರೊಟೀನುಗಳಿವೆ. ಉಣುಗು ತನ್ನ ಹೊಟ್ಟೆಪಾಡಿಗೆ ಮಾಡಿಕೊಂಡ ಏರ್ಪಾಡು ಇದು. ವೈರಸ್ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. 1993ರಲ್ಲಿ ಸ್ಲೊವಾಕಿಯಾದ ಮಿಲಾನ್ ಲಬುಡಾ ಮತ್ತು ಸಂಗಡಿಗರು ಯುರೋಪಿನ ಉಣುಗು ಮಿದುಳು ಜ್ವರದ ವೈರಸ್ ಮೇಲೆ ಪ್ರಯೋಗ ಮಾಡಿ ಒಂದು ಬೆರಗಿನ ಸಂಗತಿ ತೋರಿಸಿದರು. ಒಂದೇ ಇಲಿಯ ಮೈಮೇಲೆ ಸೋಂಕಿರುವ ಉಣುಗನ್ನೂ ಸೋಂಕಿಲ್ಲದ ಉಣುಗನ್ನೂ ಬಿಟ್ಟರೆ, ಇಲಿಯ ರಕ್ತದಲ್ಲಿ ಎಣಿಸುವಷ್ಟು ವೈರಸ್ ಇಲ್ಲದಿದ್ದರೂ, ಎರಡನೆಯದಕ್ಕೆ ಸೋಂಕು ತಗಲುತ್ತದೆ. ಅಂದರೆ ವೈರಸ್ ಚರ್ಮದಲ್ಲೇ, ಅಲ್ಲಿನ ಕಾವಲು ಕಣಗಳನ್ನೇ ಏರಿಕೊಂಡು ದಾಟಿಹೋಗುತ್ತದೆ.

ಇದು ಲಸಿಕೆಗೆ ಯಾಕೆ ಮುಖ್ಯ ಅಂದರೆ, ಲ್ಯಾಬಿನಲ್ಲಿ ಸೂಜಿಯಿಂದ ಇಲಿಗೆ ವೈರಸ್ ಚುಚ್ಚಿ ಲಸಿಕೆ ಪರೀಕ್ಷೆ ಮಾಡುವುದೂ, ಬೆಟ್ಟದಲ್ಲಿ ಉಣುಗು ಜೊಲ್ಲಿನ ಸಮೇತ ವೈರಸ್ ಬಿಡುವುದೂ ಒಂದೇ ಆಗುವುದಿಲ್ಲ. ಕ್ಯಾಸನೂರಿನ ವೈರಸ್ಸಿಗೆ, ನಮ್ಮ ಉಣುಗಿನ ಜೊಲ್ಲಿಗೆ ಈ ಲೆಕ್ಕ ಹೇಗೆ ಕೂಡುತ್ತದೆ? ಹಾಗೆ ಕೂತು ಬಿಡಿಸಿದ ಕೆಲಸ ಬಹಳ ಕಡಿಮೆ.

ಮುಂದಿನ ಹೆಜ್ಜೆ ಕಣದೊಳಗೆ. ಈ ವೈರಸ್ಸಿನ ಆಸ್ತಿ ಅಂದರೆ ಸುಮಾರು 11,000 ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ಅದರಿಂದ ಒಟ್ಟು ಹತ್ತು ಪ್ರೊಟೀನು. ಮೂರು ಅದರ ಮೈಕಟ್ಟಿಗೆ, ಏಳು ಕಣದೊಳಗಿನ ಕೆಲಸಕ್ಕೆ. ಅಷ್ಟೇ. ಮನುಷ್ಯನ ಕಣದಲ್ಲಿ ಸಾವಿರಾರು ಬಗೆಯ ಪ್ರೊಟೀನುಗಳಿವೆ. ಹತ್ತು ಪ್ರೊಟೀನಿನ ಬಂಡವಾಳದಲ್ಲಿ ಅದು ಅಷ್ಟು ದೊಡ್ಡ ಮನೆಯನ್ನು ಹೇಗೆ ವಶ ಮಾಡಿಕೊಳ್ಳುತ್ತದೆ?

ಮಲೆನಾಡಿನಲ್ಲಿ ಮನೆಗಳು ದೂರದೂರ. ಒಂಟಿ ಮನೆಗೆ ಏನಾದರೂ ಆಪತ್ತು ಬಂದರೆ ಅಂಗಳಕ್ಕೆ ಬಂದು ಕೂಗು ಹಾಕುವುದು ರೂಢಿ. ಆ ಕೂಗು ಕೇಳಿ ಆಚೆ ಮನೆಯವರು ಎಚ್ಚರವಾಗುತ್ತಾರೆ, ಬಾಗಿಲು ಭದ್ರ ಮಾಡುತ್ತಾರೆ, ಕತ್ತಿ ಹಿಡಿದು ಹೊರಡುತ್ತಾರೆ. ನಮ್ಮ ಕಣಗಳೂ ಹಾಗೆ. ವೈರಸ್ ಹೊಕ್ಕ ಕಣ ಇಂಟರ್ಫೆರಾನ್ ಅನ್ನುವ ವಸ್ತುವನ್ನು ಹೊರಬಿಡುತ್ತದೆ. ಅದೇ ಕೂಗು. ಪಕ್ಕದ ಕಣಗಳು ಅದನ್ನು ಕೇಳಿಸಿಕೊಂಡು ವೈರಸ್ ಬೆಳೆಯದಂತೆ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತವೆ. ಪ್ರತಿಕಾಯ ಹುಟ್ಟಲು ದಿನಗಳೇ ಬೇಕು, ಕೂಗು ಮಾತ್ರ ಗಂಟೆಗಳಲ್ಲೇ ಹೊರಡುತ್ತದೆ. ಮೊದಲ ನಾಲ್ಕೈದು ದಿನ ನಮ್ಮನ್ನು ಕಾಯುವುದು ಇದೇ.

ಕೆನಡಾದ ವಿನಿಪೆಗ್‌ನ ಸಂಶೋಧಕರು 2012ರಲ್ಲಿ ಕೆಎಫ್‌ಡಿ ವೈರಸ್ ಈ ಕೂಗನ್ನು ಹೇಗೆ ಅಡಗಿಸುತ್ತದೆ ಎಂದು ನೋಡಿದರು. ಎನ್‌ಎಸ್5 ಅನ್ನುವ ಪ್ರೊಟೀನಿನದೇ ಮುಖ್ಯ ಕೈವಾಡ ಎಂದು ಕಂಡಿತು. ವೈರಸ್ಸಿನ ಎಳೆಯನ್ನು ನಕಲು ಮಾಡುವುದೂ ಅದರದೇ ಕೆಲಸ, ಕೂಗನ್ನು ತಡೆಯುವುದೂ ಅದರದೇ ಕೆಲಸ. ಇನ್ನೊಂದು ಸಂಗತಿಯೂ ಗೊತ್ತಾಯಿತು. ಹೆಪಟೈಟಿಸ್‌ಗೆ ಔಷಧಿಯಾಗಿ ಬಳಸುತ್ತಿದ್ದ ಆಲ್ಫಾ-2ಎ ಇಂಟರ್ಫೆರಾನ್ ಈ ವೈರಸ್ ಮುಂದೆ ನಡೆಯಲಿಲ್ಲ. ಅದೇ ಕುಟುಂಬದ ಬೇರೆ ಕೆಲವು ಇಂಟರ್ಫೆರಾನ್‌ಗಳು ಚೆನ್ನಾಗಿ ತಡೆದವು. ಇದು ಲ್ಯಾಬಿನ ಕಣಗಳಲ್ಲಿ ನಡೆದ ಪರೀಕ್ಷೆ, ಔಷಧಿ ಅಲ್ಲ. ಆದರೂ ಒಂದು ದಾರಿ ಕಂಡಿತಲ್ಲ.

2019ರಲ್ಲಿ ಅಮೆರಿಕದ ಮೊಂಟಾನಾದ ರಾಕಿ ಮೌಂಟನ್ ಪ್ರಯೋಗಾಲಯದಿಂದ ಇನ್ನೊಂದು ಸುದ್ದಿ. ಟ್ರಿಮ್5-ಆಲ್ಫಾ ಅನ್ನುವ ನಮ್ಮದೇ ಕಣದ ಪ್ರೊಟೀನು ಒಂದಿದೆ. ರೀಸಸ್ ಕೋತಿಗಳಿಗೆ ಎಚ್‌ಐವಿ ತಗಲದಂತೆ ಕಾಯುವುದು ಇದೇ ಎಂದು 2004ರಲ್ಲಿ ಗೊತ್ತಾಗಿತ್ತು. ಅದು ಕೆಎಫ್‌ಡಿ ವೈರಸ್ಸಿನ ಕತ್ತರಿಯಂಥ ಪ್ರೊಟೀನನ್ನು ಹಿಡಿದು ಚೂರು ಮಾಡಿಸುತ್ತದೆ ಎಂದು ಈಗ ಕಂಡಿತು. ಅದೇ ಪ್ರೊಟೀನು ಡೆಂಗಿ, ಜಿಕಾದಂಥ ಸೊಳ್ಳೆ ವೈರಸ್‌ಗಳಿಗೆ ಏನೂ ಮಾಡುವುದಿಲ್ಲ. ಇದನ್ನು ಓದಿದಾಗ ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಸೊರಬದ ಕಾಡಿನ ಹೆಸರು ಹೊತ್ತ ವೈರಸ್. ಅದರ ಒಳಗುಟ್ಟು ಬಿಡಿಸುವ ಕೆಲಸ ಹೆಚ್ಚಾಗಿ ನಡೆದದ್ದು ವಿನಿಪೆಗ್, ಮೊಂಟಾನಾದಲ್ಲಿ. ಅವರ ಊರಲ್ಲಿ ಈ ಕಾಯಿಲೆಯೇ ಇಲ್ಲ.

ಈ ಕಾಯಿಲೆಗೆ ಇನ್ನೊಂದು ವಿಚಿತ್ರ ಗುಣ ಇದೆ. ಮೊದಲ ಜ್ವರ ಒಂದೆರಡು ವಾರ ಇದ್ದು ಹೆಚ್ಚಿನವರಿಗೆ ಬಿಡುತ್ತದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲ ಇಳಿದು ಮತ್ತೆ ಏರುತ್ತವೆ. ಗುಣವಾಯಿತು ಎಂದು ಎದ್ದು ಓಡಾಡುತ್ತಾರೆ. ಅಷ್ಟರಲ್ಲಿ 100ರಲ್ಲಿ 10ರಿಂದ 20 ಜನಕ್ಕೆ ಮತ್ತೆ ಜ್ವರ ಮರುಕಳಿಸುತ್ತದೆ. ಈ ಸಲ ತಲೆನೋವು, ಕೈ ನಡುಕ, ಕಣ್ಣು ಮಂಜು, ಬುದ್ಧಿ ಮಂಕು. ಒಂದೇ ವೈರಸ್, ಮೊದಲು ರಕ್ತದ ಮೇಲೆ, ಆಮೇಲೆ ಮಿದುಳಿನ ಮೇಲೆ. ಇದರ ದಾಯಾದಿಗಳನ್ನು ನೋಡಿದರೆ ರಷ್ಯಾದ್ದು ಮಿದುಳಿಗೆ ಹೋಗುತ್ತದೆ, ಸೈಬೀರಿಯಾದ ಓಮ್ಸ್ಕ್ ಜ್ವರದ್ದು ರಕ್ತಸ್ರಾವ ಮಾಡಿಸುತ್ತದೆ. 1995ರಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ನಮ್ಮದಕ್ಕೆ ತೀರಾ ಹತ್ತಿರದ ನೆಂಟ, ಅದೂ ರಕ್ತಸ್ರಾವದ್ದು. ಯಾವ ವೈರಸ್ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಯಾವುದು? ಎರಡನೇ ಸುತ್ತಿನಲ್ಲಿ ಮಿದುಳಿಗೆ ಹಾನಿ ಮಾಡುವುದು ವೈರಸ್ಸೋ, ಅದನ್ನು ಅಟ್ಟಿಕೊಂಡು ಬಂದ ನಮ್ಮದೇ ರಕ್ಷಣಾ ಕಣಗಳೋ? ಇದಕ್ಕೆ ಗಟ್ಟಿ ಉತ್ತರ ಸಿಕ್ಕರೆ ಆಸ್ಪತ್ರೆಯಲ್ಲಿ ವೈದ್ಯರು ಮಾಡುವ ಕೆಲಸವೇ ಬದಲಾಗುತ್ತದೆ. ವೈರಸ್ಸೇ ಕಾರಣ ಅಂದರೆ ಅದನ್ನು ತಡೆಯುವ ಔಷಧಿ ಬೇಕು. ನಮ್ಮ ಕಣಗಳೇ ಅಂದರೆ ಅವನ್ನು ಸಮಾಧಾನ ಮಾಡುವ ಔಷಧಿ ಬೇಕು. ಒಂದಕ್ಕೆ ಕೊಡಬೇಕಾದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಅಪಾಯ.

ಲ್ಯಾಬಿನ ಇಲಿ ಈ ಪ್ರಶ್ನೆಗೆ ಸರಿಯಾದ ಪ್ರಾಣಿ ಅಲ್ಲ. ಅದಕ್ಕೆ ಸೋಂಕು ಹತ್ತಿಸಿದರೆ ಮನುಷ್ಯನ ಹಾಗೆ ರಕ್ತಸ್ರಾವದ ಹಂತ ಕಾಣುವುದಿಲ್ಲ, ಮಿದುಳು ಕೆಟ್ಟು ಸಾಯುತ್ತದೆ. ದಶಕಗಳ ಕಾಲ ಲಸಿಕೆಯ ಬಲ ಅಳೆದದ್ದು ಇಂಥ ಇಲಿಯಲ್ಲೇ. 2021ರಲ್ಲಿ ಮೊಂಟಾನಾದವರು ಪಿಗ್‌ಟೇಲ್ ಅನ್ನುವ ಜಾತಿಯ ಕೋತಿಯಲ್ಲಿ ಮನುಷ್ಯನಿಗೆ ಹತ್ತಿರದ ಕಾಯಿಲೆ ಬರುತ್ತದೆ ಎಂದು ತೋರಿಸಿದರು. ದುಗ್ಧಗ್ರಂಥಿ, ಕರುಳಿನಂಥ ಕಡೆ ವೈರಸ್ ಮನೆ ಮಾಡಿಕೊಂಡಿತ್ತು. ನಮ್ಮಲ್ಲಿ ಮಣಿಪಾಲದ ತಂಡ ಅದಕ್ಕೂ ಮೊದಲೇ, 2020ರಲ್ಲಿ, ಕಾಯಿಲೆ ಬಿದ್ದವರ ರಕ್ತವನ್ನು ಮತ್ತೆ ಮತ್ತೆ ತೆಗೆದು ಬಿ ಮತ್ತು ಟಿ ಕಣಗಳು ದಿನದಿಂದ ದಿನಕ್ಕೆ ಹೇಗೆ ಎದ್ದೇಳುತ್ತವೆ ಎಂದು ಬರೆದಿಟ್ಟಿತು. ಬಿ ಕಣ ಅಂದರೆ ಪ್ರತಿಕಾಯ ತಯಾರಿಸುವುದು, ಟಿ ಕಣ ಅಂದರೆ ಸೋಂಕು ಹತ್ತಿದ ಕಣವನ್ನೇ ಹುಡುಕಿ ಮುಗಿಸುವುದು. ವೈರಸ್ ಸಿಕ್ಕಿ 60 ವರ್ಷ ಕಳೆದ ಮೇಲೆ ಬಂದ ಕೆಲಸ ಇದು. ತಡವಾಯಿತು, ಆದರೆ ಇದೇ ನಿಜವಾಗಿ ಬೇಕಾಗಿದ್ದದ್ದು.

ಲಸಿಕೆಯ ವಿಷಯಕ್ಕೆ ಬರುತ್ತೇನೆ. ಶುರುವಿನಲ್ಲಿ ರಷ್ಯಾದ ಮಿದುಳು ಜ್ವರದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು. ದಾಯಾದಿ ತಾನೆ, ಕೆಲಸ ಮಾಡಬಹುದು ಎಂಬ ಆಸೆ. ಆಗಲಿಲ್ಲ. ಆಮೇಲೆ ನಮ್ಮದೇ ವೈರಸ್ಸನ್ನು ಕೋಳಿ ಭ್ರೂಣದ ಕಣಗಳಲ್ಲಿ ಬೆಳೆಸಿ, ಫಾರ್ಮಾಲಿನ್ ಹಾಕಿ ಕೊಂದು ಲಸಿಕೆ ಮಾಡಿದರು. 1990ರಿಂದ 92ರವರೆಗೆ ಊರುಗಳಲ್ಲಿ ನೋಡಿದಾಗ ಒಂದು ಡೋಸಿಗೆ 79.3%, ಎರಡು ಡೋಸಿಗೆ 93.5% ರಕ್ಷಣೆ ಎಂದು ಲೆಕ್ಕ ಬಂತು. ಒಳ್ಳೆಯ ಫಲಿತಾಂಶ. ಆದರೆ 2005ರಿಂದ 2010ರವರೆಗಿನ ಲೆಕ್ಕ ಹಾಕಿದಾಗ ಎರಡು ಡೋಸಿಗೆ 62.4% ಅಷ್ಟೇ, ಬೂಸ್ಟರ್ ಸೇರಿದರೆ 82.9%. ಆಮೇಲಿನ ವರ್ಷಗಳಲ್ಲಿ ಲಸಿಕೆ ಹಾಕಿಸಿಕೊಂಡವರೂ ಮಲಗಿದರು.

ಆ ಲಸಿಕೆಯ ವೇಳಾಪಟ್ಟಿ ಹೀಗಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್. ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್. ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿಸಿಕೊಂಡ ತೋಳು ಉರಿದು ನೋಯುತ್ತಿತ್ತು. ದಿನಗೂಲಿಗೆ ಹೋಗುವವರಿಗೆ, ಅಡಿಕೆ ಕೊಯ್ಲಿನ ಹೊತ್ತಿನಲ್ಲಿ, ತೋಳು ಎತ್ತಲಾಗದಿದ್ದರೆ ಕೂಲಿ ಹೋಯಿತು. "ಕಳೆದ ವರ್ಷ ಹಾಕಿಸಿಕೊಂಡಿದ್ದೆ ಮಾರಾಯ್ರೆ, ಮತ್ತೆ ಬಂದಿದೀರಾ?" ಎಂದು ಆಶಾ ಕಾರ್ಯಕರ್ತೆಯರನ್ನು ಜನ ಕೇಳುತ್ತಿದ್ದದ್ದು ಸುಮ್ನೆ ಅಲ್ಲ. ಅರ್ಧಕ್ಕೇ ಬಿಟ್ಟವರು ತುಂಬಾ. ಜನರಿಗೆ ತಿಳಿವಳಿಕೆ ಇಲ್ಲ ಎಂದು ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಎಂಟು ಸಲ ಸೂಜಿ ಚುಚ್ಚಿಸಿಕೊಳ್ಳಿ ಎಂದು ಕೇಳುವ ಲಸಿಕೆಯಲ್ಲೇ ತೊಂದರೆ ಇತ್ತು.

ಏನು ತೊಂದರೆ? ಇಲ್ಲಿ ಆಸ್ಟ್ರಿಯಾ ದೇಶದ ಉದಾಹರಣೆ ನೋಡಬೇಕು. ಅಲ್ಲೂ ಉಣುಗಿನಿಂದ ಮಿದುಳು ಜ್ವರ. ವರ್ಷಕ್ಕೆ ನೂರಾರು ಜನ ಆಸ್ಪತ್ರೆ ಸೇರುತ್ತಿದ್ದರು. 1970ರ ದಶಕದಲ್ಲಿ ವಿಯೆನ್ನಾದ ಕ್ರಿಸ್ಟಿಯಾನ್ ಕುನ್ಜ್ ಮತ್ತು ಸಂಗಡಿಗರು ಲಸಿಕೆ ಮಾಡಿದರು. ವೈರಸ್ಸನ್ನು ಬೆಳೆಸಿದ್ದು ಕೋಳಿ ಭ್ರೂಣದ ಕಣದಲ್ಲಿ. ಕೊಂದದ್ದು ಫಾರ್ಮಾಲಿನ್‌ನಲ್ಲಿ. ನಮ್ಮ ಲಸಿಕೆಯ ಪಾಕವೇ! ಆದರೆ ಅವರ ಲಸಿಕೆ ಸರಿಯಾಗಿ ಹಾಕಿಸಿಕೊಂಡವರಲ್ಲಿ 95%ಕ್ಕಿಂತ ಹೆಚ್ಚು ರಕ್ಷಣೆ ಕೊಡುತ್ತದೆ. ಮೂರು ಡೋಸ್, ಆಮೇಲೆ ಕೆಲವು ವರ್ಷಕ್ಕೊಮ್ಮೆ ಬೂಸ್ಟರ್. 1981ರಲ್ಲಿ ಊರಿಗೆ ಊರೇ ಹಾಕಿಸಿಕೊಳ್ಳುವ ಅಭಿಯಾನ ಶುರುವಾಗಿ ಕಾಯಿಲೆ ಇಳಿಯಿತು.

ವೈರಸ್ ಬೇರೆ ಬೇರೆ, ನಿಜ. ಆದರೂ ಪಾಕ ಒಂದೇ ಇದ್ದು ರುಚಿ ಇಷ್ಟು ಬೇರೆಯಾದದ್ದು ಯಾಕೆ? ಕೆಲವು ಕಣ್ಣಿಗೆ ಕಾಣುವ ಕಾರಣಗಳಿವೆ. ಅವರು ವೈರಸ್ಸನ್ನು ಚೆನ್ನಾಗಿ ಶುದ್ಧ ಮಾಡಿದರು. ಮೊದಲು ಬಂದ ಒರಟು ಲಸಿಕೆಯಿಂದ ಜ್ವರ, ನೋವು ಜಾಸ್ತಿ ಬರುತ್ತಿತ್ತು, ಶುದ್ಧಿ ಮಾಡಿದ ಮೇಲೆ ಇಳಿಯಿತು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸೇರಿಸಿದರು. ಇಂಥದ್ದಕ್ಕೆ ಅಡ್ಜುವೆಂಟ್ ಅನ್ನುತ್ತಾರೆ. ಸತ್ತ ವೈರಸ್ಸನ್ನು ಕಂಡು ಮೈ ಸುಮ್ಮನಿದ್ದುಬಿಡುತ್ತದೆ, ಅಡ್ಜುವೆಂಟ್ ಅದನ್ನು ತಟ್ಟಿ ಎಬ್ಬಿಸುತ್ತದೆ. ಅಡ್ಜುವೆಂಟ್ ಇಲ್ಲದ ಲಸಿಕೆಯ ನೆನಪು ಬೇಗ ಮಾಸುವುದು ಸಹಜ.

ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಅನ್ನುವುದು ನನ್ನ ಅನಿಸಿಕೆ. ವಿಯೆನ್ನಾದಲ್ಲಿ ಲಸಿಕೆಯೂ ಮೂಲ ಸಂಶೋಧನೆಯೂ ಒಂದೇ ಸೂರಿನಡಿ ನಡೆದವು. ಕುನ್ಜ್ ಅವರ ಜೊತೆಯ ಫ್ರಾಂಜ್ ಹೈನ್ಜ್ ವೈರಸ್ಸಿನ ಹೊರಕವಚದ ಇ ಪ್ರೊಟೀನಿನ ಹಿಂದೆ ಬಿದ್ದರು. ಪ್ರತಿಕಾಯ ಹೋಗಿ ಅಂಟುವುದು ಅಲ್ಲಿಗೇ. 1995ರಲ್ಲಿ ಫೆಲಿಕ್ಸ್ ರೇ, ಸ್ಟೀಫನ್ ಹ್ಯಾರಿಸನ್ ಜೊತೆ ಸೇರಿ ಅದರ ಆಕಾರವನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿದರು. ಈ ವೈರಸ್ ಕುಟುಂಬದ ಹೊರಕವಚದ ಮೊದಲ ಚಿತ್ರ ಅದು. ಡೆಂಗಿ, ಜಿಕಾ ಸಂಶೋಧಕರೂ ಆ ಚಿತ್ರವನ್ನು ನೋಡಿಯೇ ಮುಂದೆ ಹೋದರು. ರಕ್ತದಲ್ಲಿ ವೈರಸ್ಸನ್ನು ನಿಷ್ಕ್ರಿಯ ಮಾಡುವ ಪ್ರತಿಕಾಯ ಎಷ್ಟಿದೆ ಎಂದು ಅಳೆದು, ರಕ್ಷಣೆ ಎಷ್ಟು ಕಾಲ ಉಳಿದಿದೆ, ಬೂಸ್ಟರ್ ಯಾವಾಗ ಬೇಕು ಎಂದು ಅವರು ಅಂದಾಜು ಮಾಡಬಲ್ಲರು.

ನಮ್ಮಲ್ಲಿ ಇಲ್ಲದೇ ಹೋದದ್ದು ಇದೇ ಅಳತೆಗೋಲು. ಮಂಗನ ಕಾಯಿಲೆಯಿಂದ ಪಾರಾಗಲು ರಕ್ತದಲ್ಲಿ ಪ್ರತಿಕಾಯ ಎಷ್ಟಿರಬೇಕು? ಪ್ರತಿಕಾಯ ಒಂದೇ ಸಾಕೇ, ಟಿ ಕಣವೂ ಬೇಕೇ? ಇದು ಗೊತ್ತಿಲ್ಲದಿದ್ದರೆ ಲಸಿಕೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ದಾರಿ ಉಳಿಯುತ್ತದೆ. ಹಾಕಿಸಿಕೊಂಡವರು ಕಾಯಿಲೆ ಬೀಳುತ್ತಾರೋ ನೋಡುತ್ತಾ ಕಾಯುವುದು. ಆಗಿದ್ದೂ ಅದೇ. 93.5% ಇದ್ದದ್ದು 62.4%ಕ್ಕೆ ಇಳಿಯಿತು ಎಂದು ಗೊತ್ತಾದದ್ದು ರೋಗಿಗಳ ಲೆಕ್ಕದಿಂದ. ಕೆಲವು ಬ್ಯಾಚುಗಳು ಬಲದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂಬ ವರದಿಗಳೂ ಬಂದವು. ಬಳಸಿದ ವೈರಸ್ 1950ರ ದಶಕದ್ದು, ಅದು ಹಳತಾಯಿತು ಎಂದು ಕೆಲವರು ಹೇಳುತ್ತಾರೆ. ಆದರೆ ಪುಣೆಯವರು ಐದು ದಶಕಗಳ 48 ವೈರಸ್‌ಗಳನ್ನು ಹೋಲಿಸಿ ನೋಡಿದಾಗ ಅವು ಹೆಚ್ಚೇನೂ ಬದಲಾಗಿರಲಿಲ್ಲ. ಹಾಗಾಗಿ ವೈರಸ್ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಯಾಕೆ ಈ ಕೆಲಸ ಆಗಲಿಲ್ಲ ಅನ್ನುವುದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಇದು ಲ್ಯಾಬಿನಲ್ಲಿ ಕೈಜಾರುವ ವೈರಸ್. ಇದರ ಮೇಲೆ ಕೆಲಸ ಮಾಡಿದ ಎಷ್ಟೋ ಜನ ಸ್ವತಃ ಕಾಯಿಲೆ ಬಿದ್ದಿದ್ದಾರೆ. ಅತಿ ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು. ಬಿಎಸ್‌ಎಲ್-4 ಮಟ್ಟದ್ದು ಪುಣೆಯಲ್ಲಿ ತೆರೆದದ್ದು 2012ರಲ್ಲಿ. ಅಲ್ಲಿಯವರೆಗೆ ರೋಗ ಪತ್ತೆಗೇ ರೋಗಿಯ ರಕ್ತವನ್ನು ಇಲಿಮರಿಗೆ ಚುಚ್ಚಿ ದಿನಗಟ್ಟಲೆ ಕಾಯುತ್ತಿದ್ದರು. ಅದೇ ವರ್ಷದ ಹೊತ್ತಿಗೆ ರಕ್ತದಲ್ಲಿ ವೈರಸ್ಸನ್ನು ಹುಡುಕುವ ಪಿಸಿಆರ್ ಮತ್ತು ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆಗಳು ಸಿದ್ಧವಾದವು. ಇನ್ನೊಂದು ಕಾರಣ ಹೇಳಲು ಬೇಸರವಾಗುತ್ತದೆ. ಕಾಯಿಲೆ ಬರುವುದು ಕೆಲವು ತಾಲ್ಲೂಕುಗಳ ಕೂಲಿಯವರಿಗೆ, ಸಣ್ಣ ರೈತರಿಗೆ. ಔಷಧಿ ಕಂಪನಿಗೆ ಇದರಲ್ಲಿ ಮಾರುಕಟ್ಟೆ ಇಲ್ಲ. ಏಕಾಏಕಿ ಸಾವುಗಳಾದಾಗ ಎಲ್ಲರೂ ಓಡಿಬರುತ್ತಾರೆ. ಮಳೆ ಬಿದ್ದು ಉಣುಗು ಕಡಿಮೆಯಾದಾಗ ಸುದ್ದಿಯೂ ಕಡಿಮೆಯಾಗುತ್ತದೆ. ಮೂಲ ಸಂಶೋಧನೆಗೆ ಬೇಕಾದ್ದು ಹತ್ತು, ಹದಿನೈದು ವರ್ಷದ ಬಿಡದ ದುಡ್ಡು, ಬಿಡದ ಜನ.

ಈಗ ಐಸಿಎಂಆರ್ ಜೊತೆ ಸೇರಿ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಮಾಡುತ್ತಿರುವ ಲಸಿಕೆಯೂ ಕೊಂದ ವೈರಸ್ಸಿನದೇ. ಆದರೆ ಅಡ್ಜುವೆಂಟ್ ಇದೆ, ಎರಡು ಡೋಸಿನ ಲೆಕ್ಕ ಇದೆ. ಮೊಂಟಾನಾದವರು ಬೇರೆ ದಾರಿ ಹಿಡಿದಿದ್ದಾರೆ. ದನಕರುಗಳಲ್ಲಿ ಬರುವ ಒಂದು ವೈರಸ್ಸಿಗೆ ಕೆಎಫ್‌ಡಿಯ ಕವಚ ತೊಡಿಸಿದ ಲಸಿಕೆ ಅವರದು. ಎಬೋಲಾ ಲಸಿಕೆಯೂ ಇದೇ ಬಗೆಯದು. ಇಲಿಯಲ್ಲೂ ಕೋತಿಯಲ್ಲೂ ಒಂದೇ ಡೋಸಿಗೆ ರಕ್ಷಣೆ ಕೊಟ್ಟಿತು. ಮನುಷ್ಯರವರೆಗೆ ಬರಲು ಇನ್ನೂ ದೂರವಿದೆ.

ನಮ್ಮ ಹೊಸ ಲಸಿಕೆ ಬಂದಾಗ ಡೋಸುಗಳ ಸಂಖ್ಯೆಯ ಜೊತೆಗೆ ಇನ್ನೊಂದನ್ನೂ ಕೇಳಬೇಕು ಅನ್ನುವುದು ನನ್ನ ಒತ್ತಾಯ. ಹಾಕಿಸಿಕೊಂಡವರಲ್ಲಿ ಒಂದಷ್ಟು ಜನರ ರಕ್ತವನ್ನು, ಅವರ ಒಪ್ಪಿಗೆ ಪಡೆದು, ಮೊದಲು, ತಿಂಗಳಿಗೆ, ಆರು ತಿಂಗಳಿಗೆ, ಆಮೇಲೆ ವರ್ಷವರ್ಷವೂ ತೆಗೆದು ಇಡಬೇಕು. ಪ್ರತಿಕಾಯವನ್ನೂ ಟಿ ಕಣವನ್ನೂ ಅಳೆಯಬೇಕು. ಲಸಿಕೆ ಹಾಕಿಸಿಕೊಂಡೂ ಯಾರಿಗಾದರೂ ಕಾಯಿಲೆ ಬಂದರೆ ಇಟ್ಟ ರಕ್ತಕ್ಕೆ ಹಿಂತಿರುಗಿ, ಅವರಲ್ಲಿ ಏನು ಕಡಿಮೆ ಇತ್ತು ಎಂದು ನೋಡಬೇಕು. ತಾನಾಗಿ ಕಾಯಿಲೆ ಬಂದು ಗುಣವಾದವರ ರಕ್ತವನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಅಳತೆಗೋಲು ಹುಟ್ಟುವುದು ಹೀಗೆಯೇ. ಇದಕ್ಕೆ ದೊಡ್ಡ ಯಂತ್ರಕ್ಕಿಂತ ಜಾಸ್ತಿ ಬೇಕಾದ್ದು ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಊರುಗಳಲ್ಲಿ ಹತ್ತು ವರ್ಷ ಅದೇ ಜನರ ಜೊತೆ ಒಡನಾಡುವ ತಂಡ, ಕರೆಂಟು ಹೋದರೂ ಕೆಡದ ಫ್ರೀಜರು, ಬರೆದಿಟ್ಟ ಪುಸ್ತಕ.

ಹಳೆಯ ಲಸಿಕೆಯನ್ನು ಐದು ಸಲ ಹಾಕಿಸಿಕೊಂಡ ಹೆಂಗಸೊಬ್ಬರು ನಮ್ಮ ಕಡೆ ಇದ್ದಾರೆ. ಈಗಲೂ ಬೆಟ್ಟಕ್ಕೆ ಹೋಗುವ ಮೊದಲು ಉಣುಗು ಹತ್ತದಿರಲಿ ಎಂದು ಆಶಾ ಕೊಟ್ಟುಹೋದ ಡೆಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳುತ್ತಾರೆ, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕುತ್ತಾರೆ. ಹೊಸ ಲಸಿಕೆ ಬರುತ್ತಂತೆ ಅಂದಾಗ ಅವರು ಕೇಳಿದ್ದು ಒಂದೇ ಮಾತು: "ಇದು ಎಷ್ಟು ವರ್ಷ ನಿಲ್ತದೆ ತಮ್ಮಾ?"